ದೊಡ್ಡಪ್ಪನ ಏಳು, ನಮ್ಮ ಹನ್ನೆರಡು

ನಮ್ಮ ಮನೆಯಲ್ಲಿ ದೇವರು ಯಾವಾಗಲೂ ದೊಡ್ಡಪ್ಪನ ಕಡೆಗೇ ಇರುತ್ತಿದ್ದ. ಹಾಗೆಂದು ಹೇಳುತ್ತಿದ್ದವನೂ ದೊಡ್ಡಪ್ಪನೇ. ಮಸ್ಕಿಯ ಆ ಮನೆಯಲ್ಲಿ ಗಾಳಿ ಬರುವ ಕೋಣೆ ಅವನಿಗೆ ಬಂದದ್ದು ದೇವರ ಇಚ್ಛೆ. ಗಿರಣಿಯ ಹಿಂಗೋಡೆಗೆ ಅಂಟಿಕೊಂಡ ಕತ್ತಲ ಕೋಣೆ ನಮಗೆ ಬಂದದ್ದೂ ದೇವರ ಇಚ್ಛೆ. ಎಮ್ಮೆ ಈದರೆ ಗಿಣ್ಣು ಮೊದಲು ಅವನ ತಾಟಿಗೆ ಬೀಳಬೇಕೆಂಬುದೂ ದೇವರಿಗೇ ಬೇಕಾಗಿತ್ತು. ಅಷ್ಟು ದೊಡ್ಡ ದೇವರಿಗೆ ನಮ್ಮ ಮನೆಯ ಗಿಣ್ಣಿನ ಮೇಲೆ ಯಾಕೆ ಕಣ್ಣು ಎಂದು ಯಾರೂ ಕೇಳಲಿಲ್ಲ. ಈಗ ದೊಡ್ಡಪ್ಪ ಇಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ತಮ್ಮ ಬಗ್ಗೆ ಯಾರಿಗೂ ಆಡಲು ಬಿಡದವರೇ ಈ ಮಾತನ್ನು ಮಾಡಿಟ್ಟು ಹೋಗಿರಬೇಕು. ನಾನು ಆಡುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಮೊದಲು ಮುಗಿಸಿದವಳು ನಾನು, ಅದೂ ಗಣಿತದಲ್ಲಿ. ಯಾರೂ ಎತ್ತಿ ಕೊಟ್ಟದ್ದಲ್ಲ ಅದು. ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ, ವಿನಯವೂ ಇಲ್ಲ.

ಮನೆ ಎಂದರೆ ಅರ್ಧ ಮನೆ, ಅರ್ಧ ಗಿರಣಿ. ಬೀದಿಗೆ ಬಾಯಿ ತೆರೆದ ಪಡಸಾಲೆಯಲ್ಲಿ ಹಿಟ್ಟಿನ ಗಿರಣಿ, ಅದರ ಪಕ್ಕಕ್ಕೆ ಕಿಟಕಿಯಿದ್ದ ದೊಡ್ಡಪ್ಪನ ಕೋಣೆ, ಒಳಗೆ ಅಡುಗೆಮನೆ, ಗಿರಣಿಯ ಬೆನ್ನಿಗೆ ನಮ್ಮ ಕೋಣೆ. ಗಿರಣಿ ಶುರುವಾದರೆ ನಮ್ಮ ಗೋಡೆಯ ಮೊಳೆಗೆ ತೂಗಿದ ಕನ್ನಡಿ ನಡುಗುತ್ತಿತ್ತು. ನಡುಗುವ ಕನ್ನಡಿಯಲ್ಲೇ ಬೈತಲೆ ತೆಗೆಯಲು ಕಲಿತವಳು ನಾನು. ಹಿಟ್ಟು ಎಲ್ಲೆಲ್ಲಿಗೂ ಬರುತ್ತಿತ್ತು, ಹಾಸಿಗೆಯ ಮಡಿಕೆಗೆ, ಪುಂಡಿಪಲ್ಯದ ಪಾತ್ರೆಗೆ, ಅವ್ವನ ಹುಬ್ಬಿಗೆ. ಅವ್ವ ಬೆಳಿಗ್ಗೆ ಕರಿ ತಲೆಯವಳಾಗಿ ಎದ್ದು ಸಂಜೆಗೆ ಮುದುಕಿಯಾಗುತ್ತಿದ್ದಳು, ಮರುದಿನ ಮತ್ತೆ ಹರೆಯದವಳು. ಅಜ್ಜಿ ಹೊಸ್ತಿಲ ಬಳಿ ಕುಳಿತು ಬಂದವರ ಜೋಳದ ಡಬ್ಬಿಗಳನ್ನು ಪಾಳಿಯಲ್ಲಿ ಇಡಿಸುತ್ತಿದ್ದಳು. ಅವಳಿಗೆ ಕಣ್ಣು ಮಂದ. ಡಬ್ಬಿಯನ್ನು ಕೈಯಲ್ಲಿ ಎತ್ತಿ ನೋಡಿಯೇ ಯಾರ ಮನೆಯದು, ಎಷ್ಟು ಜೋಳ ಎಂದು ಹೇಳುವಳು. ಅಪ್ಪ ಗಿರಣಿಗೆ ಪಟ್ಟಾ ಹಾಕುತ್ತಿದ್ದ, ಪಟ್ಟಾ ತೆಗೆಯುತ್ತಿದ್ದ, ಮಾತಾಡುತ್ತಿರಲಿಲ್ಲ. ಆ ಸದ್ದಿನಲ್ಲಿ ಮಾತು ಕೇಳಿಸದೆಂದು ಸುಮ್ಮನಿದ್ದಾನೆ ಅಂತ ಬಂದವರು ತಿಳಿಯುತ್ತಿದ್ದರು. ಗಿರಣಿ ನಿಂತಾಗಲೂ ಅವನು ಮಾತಾಡುತ್ತಿರಲಿಲ್ಲವೆಂಬುದು ನಮಗಷ್ಟೇ ಗೊತ್ತಿತ್ತು. ದೊಡ್ಡಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡಿ, ಬೆನ್ನು ನೋವೆಂದು ಬಿಟ್ಟು ಬಂದವನು. ಬಂದ ಮೇಲೆ ಗಿರಣಿಗೆ ಕೈ ಹಚ್ಚಲಿಲ್ಲ. ಬೆನ್ನು ನೋವಿನವನು ಊಟಕ್ಕೆ ಮಾತ್ರ ನೆಟ್ಟಗೆ ಕೂರುತ್ತಿದ್ದ.

ಹಟ್ಟಿಯಿಂದ ಅವನು ತಂದದ್ದು ಒಂದು ಟ್ರಂಕು, ಒಂದು ಬ್ಯಾಟರಿ, ಮತ್ತು ಹತ್ತು ತಗಡಿನ ಬಿಲ್ಲೆಗಳು. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದರ ಮೇಲೆ ಒಂದೊಂದು ಅಂಕಿ ಕುಟ್ಟಿತ್ತು. ಯಾವುದೋ ಕಾಲದಲ್ಲಿ ಗಣಿಯಲ್ಲಿ ಏತಕ್ಕೋ ತಗಲಿಸಿ, ಬೇಡವೆಂದು ಬಿಸಾಕಿದ ಬಿಲ್ಲೆಗಳು. ನಮ್ಮ ಮನೆಗೆ ಬಂದು ಅವು ದೇವರಾದವು. ಅವನ್ನು ಹಿತ್ತಾಳೆಯ ಚೆಂಬಿಗೆ ಹಾಕಿ, ಮೇಲೊಂದು ಚಿಟಿಕೆ ಭಂಡಾರ ಉದುರಿಸಿ, ದೇವರ ಗೂಡಿನಲ್ಲಿ ಇಟ್ಟ. ಅಣ್ಣ ತಮ್ಮಂದಿರ ಮನೆಯಲ್ಲಿ ಏನೇ ತಕರಾರು ಬಂದರೂ ಅಮಾವಾಸ್ಯೆಯ ಊಟವಾದ ಮೇಲೆ ಚೆಂಬು ಇಳಿಯುತ್ತಿತ್ತು. ಅಜ್ಜಿ ಕೈ ಹಾಕಿ ಒಂದು ಬಿಲ್ಲೆ ತೆಗೆಯುವಳು, ಎಲ್ಲರಿಗೂ ತೋರಿಸಿ ವಾಪಸ್ ಹಾಕುವಳು, ಚೆಂಬನ್ನು ಗಲಗಲ ಅಲುಗಾಡಿಸಿ ಇನ್ನೊಂದು ತೆಗೆಯುವಳು. ಎರಡೂ ಅಂಕಿ ಕೂಡಿಸಬೇಕು. ಎರಡೂ ಸೊನ್ನೆ ಬಂದರೆ ಸೊನ್ನೆ, ಎರಡೂ ಒಂಬತ್ತು ಬಂದರೆ ಹದಿನೆಂಟು. ಅಂದರೆ ಸೊನ್ನೆಯಿಂದ ಹದಿನೆಂಟರವರೆಗೆ ಹತ್ತೊಂಬತ್ತು ಮೊತ್ತ. ಇವುಗಳಲ್ಲಿ ಆರರಿಂದ ಹನ್ನೆರಡರವರೆಗಿನ ಏಳು ದೊಡ್ಡಪ್ಪನವು. ಮಿಕ್ಕ ಹನ್ನೆರಡೂ ನಮ್ಮವು. ಇದನ್ನು ಅವನು ಪ್ರತಿ ಸಲವೂ ಓಣಿಗೆ ಕೇಳುವ ಹಾಗೆ ಹೇಳುತ್ತಿದ್ದ:

"ನೋಡ್ರಪಾ, ನಾ ಹಿರ್ಯಾ ಇದ್ದೀನಿ, ನನಗ ಏಳು ಸಾಕು. ಹನ್ನೆರಡು ತಮ್ಮಗ ಬಿಟ್ಟೀನಿ. ಇದಕ್ಕಿಂತ ಇನ್ಸಾಫ್ ಎಲ್ಲೈತಿ ತೋರಿಸ್ರಿ! ಅಷ್ಟಾದ್ರೂ ನಾನಾ ಗೆದ್ದೆ ಅಂದ್ರ ಮ್ಯಾಲಿನಾವ ನನ್ನ ಕಡಿ ಅದಾನ ಅಂತ ತಿಳಕೋರಿ."

ಹಿಟ್ಟು ಬೀಸಿಸಲು ಬಂದವರು ತಲೆದೂಗುತ್ತಿದ್ದರು. ಹಿರೇತನ ಅಂದ್ರ ಇದು ನೋಡು, ಏಳು ಇಟಗೊಂಡು ಹನ್ನೆರಡು ಬಿಡೋ ಮನಷಾ ಈ ಕಾಲದಾಗ ಎಲ್ಲಿ ಸಿಗತಾನ ಅನ್ನುವರು. ತಮ್ಮ ಡಬ್ಬಿಯ ಹಿಟ್ಟು ಒಂದು ಹಿಡಿ ಕಡಿಮೆಯಾದರೆ ಅಪ್ಪನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ ಇದೇ ಜನ, ದೊಡ್ಡಪ್ಪ ಅಷ್ಟು ಧಾರಾಳಿಯಾಗಿದ್ದೂ ಮೇಲಿಂದ ಮೇಲೆ ಗೆಲ್ಲುವುದು ಹೇಗೆ ಎಂದು ಒಂದು ಸಲವೂ ಯೋಚಿಸಲಿಲ್ಲ. ಅವನು ಪ್ರತಿ ಸಲ ಗೆಲ್ಲುತ್ತಿದ್ದನೆಂದಲ್ಲ. ಗೆದ್ದದ್ದು ಹೆಚ್ಚು, ಸೋತದ್ದು ಕಡಿಮೆ. ಸೋತಾಗ ಎದೆಯುಬ್ಬಿಸಿ ಸೋಲುತ್ತಿದ್ದ, ತಗೋ ತಮ್ಮಾ ಈ ಸಲ ನಿಂದು ಎಂದು ಅಪ್ಪನ ಬೆನ್ನು ತಟ್ಟುತ್ತಿದ್ದ. ಆ ಸೋಲುಗಳೇ ಅವನ ಸಾಕ್ಷಿಗಳು. ಯಾವಾಗಲೂ ಗೆಲ್ಲುವವನ ಮೇಲೆ ಜನಕ್ಕೆ ಅನುಮಾನ ಬರುತ್ತದೆ. ನಡುನಡುವೆ ಸೋಲುವವನಿಗೆ ಹಾರ ಹಾಕುತ್ತಾರೆ.

ಕೋಣೆ ಹೋಯಿತು, ಗಿಣ್ಣು ಹೋಯಿತು, ಅದಕ್ಕೆಲ್ಲ ನಾನು ಅಳಲಿಲ್ಲ. ಪಂಚಮಿಯ ಮಾತು ಬೇರೆ. ನಾಗರ ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಜೋಕಾಲಿ ಕಟ್ಟಬೇಕು, ಉಂಡಿ ತಿನ್ನಬೇಕು. ದೊಡ್ಡವ್ವನ ತವರು ಲಿಂಗಸುಗೂರು, ಅವ್ವನ ತವರು ಸಿಂಧನೂರಿನ ಮಗ್ಗುಲಿನ ಗೊರೇಬಾಳ. ಇಬ್ಬರು ಸೊಸೆಯರೂ ಒಮ್ಮೆಲೇ ಹೋದರೆ ರೊಟ್ಟಿ ಬಡಿಯುವವರು ಯಾರು ಎಂದು ದೊಡ್ಡಪ್ಪ ಆ ತಕರಾರನ್ನೂ ಚೆಂಬಿಗೆ ಹಾಕಿದ. ಅವ್ವ ಪ್ರತಿ ವರ್ಷವೂ ಚೀಲ ತುಂಬಿಟ್ಟುಕೊಂಡೇ ಬಿಲ್ಲೆ ತೆಗೆಯುವುದನ್ನು ಅಡುಗೆಮನೆಯ ಬಾಗಿಲ ಮರೆಯಿಂದ ನೋಡುತ್ತಿದ್ದಳು. ನಾಲ್ಕು ಮತ್ತು ಐದು ಬಂದರೆ ಒಂಬತ್ತು. ಏಳು ಮತ್ತು ಒಂದು ಬಂದರೆ ಎಂಟು. ದೊಡ್ಡವ್ವ ಲಿಂಗಸುಗೂರಿನ ಬಸ್ಸು ಹತ್ತುವಳು. ಅವ್ವ ಚೀಲದಿಂದ ಸೀರೆಗಳನ್ನು ಒಂದೊಂದೇ ತೆಗೆದು ಮತ್ತೆ ಟ್ರಂಕಿಗೆ ಇಡುವಳು. ಒಂದು ಸಲ ನಾನು ಕೇಳಿದೆ:

"ಯವ್ವಾ, ಹನ್ನೆರಡು ನಮ್ಮವ ಅದಾವಲ್ಲ, ಯಾಕ ಬರವಲ್ವು?"

"ನನ್ನ ಹಣೇಬರಾ ಸುಮಾರೈತಿ ಬಿಡು ತಂಗಿ. ದೇವರ ಮುಂದ ಏನ್ ಜಗಳಾಡ್ತಿ?"

ಹಣೆಬರಹ! ತಗಡಿನ ಬಿಲ್ಲೆಯ ತಪ್ಪನ್ನು ತನ್ನ ಹಣೆಯ ಮೇಲೆ ಹಾಕಿಕೊಂಡ ಅವ್ವನ ಮೇಲೂ ನನಗೆ ಆಗ ಸಿಟ್ಟು ಬಂದಿತ್ತು.

ನಾನೂ ದೊಡ್ಡಪ್ಪನ ಮಗ ಬಸವರಾಜನೂ ಒಂದೇ ತರಗತಿ. ಅವನು ಕೆಟ್ಟವನಲ್ಲ, ದಡ್ಡ. ಕೆಟ್ಟತನಕ್ಕೆ ಬೇಕಾದಷ್ಟು ಬುದ್ಧಿಯೂ ಅವನಲ್ಲಿರಲಿಲ್ಲ. ಹತ್ತನೇ ತರಗತಿಯ ಪರೀಕ್ಷೆಗೆ ಮುಂಚೆ ನಮ್ಮ ಗಣಿತದ ಮೇಷ್ಟ್ರು ಒಂದು ಲೆಕ್ಕ ಬರೆದರು. ಹಲಗೆಯ ಮೇಲೆ ಜಾಗ ಉಳಿದಿತ್ತು, ಗಂಟೆ ಹೊಡೆಯಲು ಹೊತ್ತಿತ್ತು, ಅದಕ್ಕೆ ಬರೆದರು. ಸೊನ್ನೆಯಿಂದ ಒಂಬತ್ತರೊಳಗೆ ಒಂದು ಅಂಕಿ ಆರಿಸು, ಮತ್ತೆ ಇನ್ನೊಂದು ಆರಿಸು, ಎರಡರ ಮೊತ್ತ ಒಂಬತ್ತಾಗುವ ಸಂಭವ ಎಷ್ಟು? ಇದು ನಮ್ಮ ಮನೆಯ ಚೆಂಬು! ಮೇಷ್ಟ್ರು ಎಣಿಸಿ ತೋರಿಸಲಿಲ್ಲ, ಹತ್ತರಲ್ಲಿ ಒಂದು ಎಂದು ಉತ್ತರ ಬರೆದು ಕೈಯ ಸೀಮೆಸುಣ್ಣದ ಪುಡಿ ಜಾಡಿಸಿದರು. ನಾನು ಎದ್ದು ನಿಂತೆ.

"ಸರ್, ಒಂಬತ್ತರ ಬದಲಿ ಮೂರು ಬರಬೇಕಂದ್ರ?"

"ಮೂರು ಪರೀಕ್ಷಾದಾಗ ಬರಂಗಿಲ್ಲ. ಕುಂದ್ರು."

"ಅಲ್ರೀ ಸರ್, ಒಂಬತ್ತಕ್ಕೂ ಮೂರಕ್ಕೂ ಬರಾಬರಿ ಇರತೈತೇನ್ರಿ?"

"ಗಿರಣಿ ಹುಡುಗಿ, ಭಾಳ ಬೀಸಬ್ಯಾಡ. ಉತ್ತರ ಬರಕೊಂಡಿಲ್ಲೇನು? ಬಾಯಿಪಾಠ ಮಾಡು."

ತರಗತಿಯೆಲ್ಲ ನಕ್ಕಿತು. ಬಸವರಾಜ ಎಲ್ಲರಿಗಿಂತ ಜೋರಾಗಿ ನಕ್ಕ, ಗಿರಣಿ ತನ್ನದೂ ಹೌದೆಂಬುದನ್ನು ಮರೆತು. ಆ ಮೇಷ್ಟ್ರಿಗೆ ಉತ್ತರ ಗೊತ್ತಿತ್ತು, ಲೆಕ್ಕ ಗೊತ್ತಿರಲಿಲ್ಲ. ಅಂಥವರನ್ನು ಆಮೇಲೆ ಎಲ್ಲೆಲ್ಲೂ ನೋಡಿದ್ದೇನೆ. ಈಗ ಸಿಂಧನೂರಿನಲ್ಲಿ ನಾನೇ ಗಣಿತ ಕಲಿಸುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು, ನನಗಿಂತ ಹೆಚ್ಚು ಓದಿದವರು, ಹೊಸ ಬೈಕಿನ ನಂಬರಿನ ಅಂಕಿಗಳನ್ನು ಕೂಡಿಸಿದರೆ ಒಂಬತ್ತೇ ಬರಬೇಕೆಂದು ತಿಂಗಳುಗಟ್ಟಲೆ ಕಾದರು. ಬಂದ ದಿನ ಪೇಡೆ ಹಂಚಿದರು. ನಾನು ಪೇಡೆ ತಿಂದೆ, ಪೇಡೆಯ ತಪ್ಪಿಲ್ಲ. ಆದರೆ ಅಂಥವರು ಓದಿದ್ದು ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ನನಗಿದೆ. ನನ್ನ ಓದನ್ನು ನಾನು ಚೆಂಬಿನ ಬಾಯಿಂದ ಕಿತ್ತುಕೊಂಡು ಬಂದವಳು.

ಪರೀಕ್ಷೆಯ ಫಲಿತಾಂಶ ಬಂತು. ಶಾಲೆಗೆ ನಾನೇ ಮೊದಲು. ಬಸವರಾಜ ದಡ ಮುಟ್ಟಿದ್ದ, ಒದ್ದೆ ಬಟ್ಟೆಯಲ್ಲಿ. ವಿಜ್ಞಾನ ಓದಬೇಕೆಂದರೆ ನಾನು ಗೊರೇಬಾಳದಲ್ಲಿ ಸೋದರಮಾವನ ಮನೆಯಲ್ಲಿದ್ದು ಸಿಂಧನೂರಿನ ಕಾಲೇಜಿಗೆ ಹೋಗಬೇಕು, ಅವನು ಲಿಂಗಸುಗೂರಿನ ತನ್ನ ಅಜ್ಜಿಯ ಮನೆಯಲ್ಲಿರಬೇಕು. ಊಟಕ್ಕೆ ಕುಳಿತಾಗ ದೊಡ್ಡಪ್ಪ ರೊಟ್ಟಿ ಮುರಿಯುತ್ತ ಫೈಸಲ ಕೊಟ್ಟ:

"ಇಬ್ಬರೂ ಹೋದ್ರ ಗಿರಣಿ ಯಾರು ನೋಡಬೇಕು? ತಮ್ಮ ಒಬ್ಬನಾ ಎಷ್ಟಂತ ಸಾಯ್ತಾನ? ಒಬ್ಬರು ಓದ್ಲಿ, ಒಬ್ಬರು ಗಿರಣಿಗೆ ಕುಂದ್ರಲಿ. ಹುಡುಗ ಹುಡುಗಿ ಅಂತ ನಾ ಭೇದ ಮಾಡಾವಲ್ಲ. ಬರೂ ಅಮಾಸಿಗೆ ಚೆಂಬು ಇಳಸೂನು. ನನ್ನ ಮಗಗ ಏಳು, ಅಕಿಗೆ ಹನ್ನೆರಡು."

ಅಪ್ಪ ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಂಡ. ಅಷ್ಟೇ ಅವನ ಉತ್ತರ. ಶಾಲೆಗೆ ಮೊದಲು ಬಂದ ಮಗಳನ್ನು ತಗಡಿನ ಬಿಲ್ಲೆಗೆ ಒಪ್ಪಿಸುತ್ತಿರುವಾಗ ಎಣ್ಣೆ ಹಾಕಿಕೊಳ್ಳಲು ಒಂದು ಥರದ ಧೈರ್ಯ ಬೇಕು. ನಾನು ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಮರುದಿನ ಗಿರಣಿಯ ನೆಲದ ಮೇಲೆ ಬಿದ್ದ ಹಿಟ್ಟನ್ನು ಸವರಿ, ಬೆರಳಿನಿಂದ ಅಂಕಿ ಬರೆಯತೊಡಗಿದೆ. ಮೂರು ಆರು, ಐದು ನಾಲ್ಕು, ಎರಡು ಏಳು, ತಲೆಗೆ ಬಂದ ಹಾಗೆ ಬರೆದೆ. ಒಂದು ಸಲ ಎಣಿಸಿದರೆ ಒಂದು, ಇನ್ನೊಂದು ಸಲ ಎಣಿಸಿದರೆ ಇನ್ನೊಂದು. ಕೆಲವನ್ನು ಎರಡೆರಡು ಸಲ ಬರೆದಿದ್ದೆ, ಕೆಲವು ಬಿಟ್ಟೇ ಹೋಗಿದ್ದವು. ಮೊದಲು ಮೂರು ಬಂದು ಆಮೇಲೆ ಆರು ಬರುವುದೂ, ಮೊದಲು ಆರು ಬಂದು ಆಮೇಲೆ ಮೂರು ಬರುವುದೂ ಒಂದೇ ಎಂದು ಹಿಡಿದಿದ್ದೆ. ನಮ್ಮ ಮನೆಯಲ್ಲಿ ಯಾವುದು ಮೊದಲು ಬಂತೆಂದು ಯಾರೂ ಕೇಳುತ್ತಿರಲಿಲ್ಲ, ಕೂಡಿದರೆ ಮುಗಿಯಿತು. ಆದರೆ ಅಜ್ಜಿಯ ಕೈ ಎರಡು ಸಲ ಚೆಂಬಿಗೆ ಇಳಿಯುತ್ತದೆ. ಅವು ಎರಡು ಬೇರೆ ಬೇರೆ ಆಗುಹೋಗು. ಇದು ಹೊಳೆದಾಗ ಗಿರಾಕಿಯೊಬ್ಬಳು ಬಂದು ನನ್ನ ಅಂಕಿಗಳ ಮೇಲೆ ಡಬ್ಬಿ ಇಟ್ಟಳು.

ಬೇಸಿಗೆ, ಸಂಡಿಗೆಯ ದಿನಗಳು. ಅವ್ವ ಅಕ್ಕಿಹಿಟ್ಟು ಬೇಯಿಸಿ ಪಾತ್ರೆ ನನ್ನ ಕೈಗೆ ಕೊಟ್ಟಳು. ಮಾಳಿಗೆಯ ಮೇಲೆ ಅಪ್ಪನ ಹಳೆಯ ಧೋತರ ಹಾಸಿ ಚಮಚೆಯಿಂದ ಬಿಡುವುದು, ಒಣಗುವವರೆಗೆ ಕಾಗೆ ಕಾಯುವುದು ನನ್ನ ಕೆಲಸ. ಸಾಲಿಗೆ ಹತ್ತರಂತೆ ಬಿಡುತ್ತ ಹೋದೆ. ಹತ್ತು ಸಾಲು ಮುಗಿದಾಗ ನಿಂತು ನೋಡಿದೆ. ನೂರು ಸಂಡಿಗೆ, ಚೌಕಾಗಿ, ಬಿಸಿಲಿಗೆ ಹೊಳೆಯುತ್ತ. ಮೊದಲ ಸಾಲಿಗೆ ಸೊನ್ನೆ ಎಂದು ಹೆಸರಿಟ್ಟೆ, ಕೊನೆಯದಕ್ಕೆ ಒಂಬತ್ತು. ಅದು ಮೊದಲ ಬಿಲ್ಲೆ. ಪ್ರತಿ ಸಾಲಿನಲ್ಲೂ ಎಡದಿಂದ ಬಲಕ್ಕೆ ಸೊನ್ನೆಯಿಂದ ಒಂಬತ್ತು. ಅದು ಎರಡನೆಯ ಬಿಲ್ಲೆ. ಅಜ್ಜಿಯ ಕೈಗೆ ಏನೇ ಬರಲಿ, ಈ ಧೋತರದ ಮೇಲೆ ಅದಕ್ಕೊಂದು ಸಂಡಿಗೆ ಇದೆ. ಒಂದೇ ಒಂದು. ಯಾವುದೂ ಎರಡು ಸಲ ಇಲ್ಲ, ಯಾವುದೂ ಬಿಟ್ಟು ಹೋಗಿಲ್ಲ. ಎಣಿಸಲು ಬಂದರೆ ಸಾಲದು, ಮೊದಲು ಸಾಲಿಗೆ ಹಚ್ಚಲು ಬರಬೇಕು. ನನ್ನ ಇಡೀ ಓದು ಆ ಒಂದು ಮಾತಿನ ಮೇಲೆ ನಿಂತಿದೆ.

ಮೇಲಿನ ಮೂಲೆಯಿಂದ ಶುರು ಮಾಡಿದೆ. ಮೊತ್ತ ಸೊನ್ನೆ ಬರಬೇಕೆಂದರೆ ಒಂದೇ ಸಂಡಿಗೆ, ಮೂಲೆಯದು. ಒಂದು ಬರಬೇಕೆಂದರೆ ಎರಡು. ಎರಡು ಬರಬೇಕೆಂದರೆ ಮೂರು. ಅವು ಓರೆಯಾಗಿ, ಚೌಕದ ಮೂಲೆ ಕತ್ತರಿಸಿದ ಹಾಗೆ ಸಾಲು ನಿಂತಿದ್ದವು. ಓರೆ ಸಾಲು ಒಂದೊಂದೇ ಸಂಡಿಗೆ ಬೆಳೆಯುತ್ತ ಒಂಬತ್ತರ ಹತ್ತಿರ ಬಂದಾಗ ಈ ಮೂಲೆಯಿಂದ ಆ ಮೂಲೆಗೆ ಹತ್ತು ಸಂಡಿಗೆಯ ಉದ್ದವಾಯಿತು. ಅಲ್ಲಿಂದ ಮತ್ತೆ ಕುಗ್ಗುತ್ತ ಕುಗ್ಗುತ್ತ ಹದಿನೆಂಟಕ್ಕೆ ಒಂದೇ ಒಂದು, ಕೆಳಗಿನ ಮೂಲೆಯದು. ನಾನು ಬಿಸಿಲಿನಲ್ಲಿ ಕುಕ್ಕರಿಸಿ ಕುಳಿತುಬಿಟ್ಟೆ. ದೊಡ್ಡಪ್ಪ ಹೊಟ್ಟೆಯ ಭಾಗ ತನಗಿಟ್ಟುಕೊಂಡು ನಮಗೆ ಮೂಲೆಗಳನ್ನು ಬಿಟ್ಟಿದ್ದ. ಆರರಿಂದ ಹನ್ನೆರಡರವರೆಗೆ ಅವನ ಓರೆ ಸಾಲುಗಳು ಏಳು, ಎಂಟು, ಒಂಬತ್ತು, ಹತ್ತು, ಮತ್ತೆ ಒಂಬತ್ತು, ಎಂಟು, ಏಳು. ಕೂಡಿಸಿದರೆ ಐವತ್ತೆಂಟು. ನಮ್ಮವು ಹನ್ನೆರಡು ಸಾಲು ನಿಜ, ಆದರೆ ಎಲ್ಲ ಚೂರುಪಾರು. ಆ ಮೂಲೆಯವು ಇಪ್ಪತ್ತೊಂದು, ಈ ಮೂಲೆಯವು ಇಪ್ಪತ್ತೊಂದು, ನಲವತ್ತೆರಡು. ಕಾಗೆ ಒಂದು ಸಂಡಿಗೆ ಎತ್ತಿಕೊಂಡು ಹೋಯಿತು. ದೊಡ್ಡಪ್ಪನ ಪಾಲಿನದೇ. ಹೋಗಲೆಂದು ಬಿಟ್ಟೆ, ಆಮೇಲೆ ಪಾತ್ರೆಯ ತಳ ಕೆರೆದು ಆ ಜಾಗಕ್ಕೆ ಇನ್ನೊಂದು ಬಿಟ್ಟೆ. ಲೆಕ್ಕ ಕೆಡಬಾರದು.

ಸಂಡಿಗೆ ಗರಿಗರಿ ಒಣಗಿದ ಮೇಲೆ ದೊಡ್ಡಪ್ಪನ ಏಳು ಓರೆ ಸಾಲುಗಳನ್ನು ಒಂದು ಬುಟ್ಟಿಗೆ, ನಮ್ಮ ಹನ್ನೆರಡನ್ನು ಇನ್ನೊಂದು ಬುಟ್ಟಿಗೆ ಬಿಡಿಸಿ ತುಂಬಿಕೊಂಡು ಇಳಿದೆ. ಅವ್ವ ಒಲೆಯ ಮುಂದೆ ಇದ್ದಳು. ಮೊದಲ ಸಲ ಹೇಳಿದಾಗ ಅವಳಿಗೆ ತಿಳಿಯಲಿಲ್ಲ. ಎರಡನೆಯ ಸಲ ಬುಟ್ಟಿಗಳನ್ನು ಅವಳ ಮುಂದಿಟ್ಟು ಹೇಳಿದೆ:

"ಇದು ಏಳು ಸಾಲಿನ ಬುಟ್ಟಿ, ಇದು ಹನ್ನೆರಡು ಸಾಲಿನ ಬುಟ್ಟಿ. ಯಾವುದು ತುಂಬೈತಿ ನೋಡು. ಅಜ್ಜಿ ಚೆಂಬಿನ್ಯಾಗ ಕೈ ಹಾಕೂದಂದ್ರ ಈ ಎರಡೂ ಬುಟ್ಟಿ ಸುರುವಿ, ಕಣ್ಣು ಮುಚ್ಚಿ ಒಂದು ಸಂಡಿಗಿ ಎತ್ತಿದಂಗ. ಯಾರ್ದು ಬರತೈತಿ ಹೇಳು?"

ಅವ್ವ ಎರಡೂ ಬುಟ್ಟಿಗಳನ್ನು ಬಹಳ ಹೊತ್ತು ನೋಡಿದಳು. ರೊಟ್ಟಿ ಸೀದು ವಾಸನೆ ಬಂತು. ಅವಳು ಎಂದೂ ರೊಟ್ಟಿ ಸೀಯಲು ಬಿಟ್ಟವಳಲ್ಲ.

"ಇಷ್ಟು ವರ್ಷ ನನ್ನ ತವರುಮನಿ ತಿಂದಾನ," ಅಂದಳು. ಆಮೇಲೆ, "ಯಾರಿಗೂ ಹೇಳಬ್ಯಾಡ. ಅಮಾಸಿ ದಿನ ಎಲ್ಲಾರ ಮುಂದ ಆಡು. ಮೊದಲಾ ಆಡಿದ್ರ ಅಂವ ಬ್ಯಾರೆ ಪದ್ಧತಿ ಹುಟ್ಟಿಸ್ತಾನ."

ಓದದ ಅವ್ವನಿಗೆ ಇದನ್ನು ಯಾರು ಕಲಿಸಿದ್ದರೋ.

ಅಮಾವಾಸ್ಯೆ ಬಂತು. ಹೋಳಿಗೆ ಉಂಡು ಎಲ್ಲರೂ ಪಡಸಾಲೆಯಲ್ಲಿ ಕುಳಿತರು. ಗಿರಣಿ ನಿಂತಿತ್ತು. ಹಿಟ್ಟಿಗೆ ಬಂದ ನಾಲ್ಕಾರು ಮಂದಿ, ಚೆಂಬು ಇಳಿಯುತ್ತದೆಂದು ತಿಳಿದು, ಹೋಗದೆ ನಿಂತಿದ್ದರು. ಅಜ್ಜಿ ಚೆಂಬನ್ನು ತೊಡೆಯ ಮೇಲೆ ಇಟ್ಟುಕೊಂಡಳು. ದೊಡ್ಡಪ್ಪ ತನ್ನ ಏಳು ಹನ್ನೆರಡಿನ ಭಾಷಣ ಮುಗಿಸಿದ. ಅಜ್ಜಿಯ ಕೈ ಚೆಂಬಿನ ಬಾಯಿಗೆ ಹೋಗುವಾಗ ಹೇಳಿದೆ:

"ಅಜ್ಜಿ, ಜರಾ ತಡಿ. ದೊಡ್ಡಪ್ಪಾ, ಈ ಸಲ ಅದಲು ಬದಲು ಮಾಡೂನ್ರಿ. ಹನ್ನೆರಡು ನೀವು ತಗೋರಿ. ಏಳು ನನಗ ಕೊಡ್ರಿ."

ದೊಡ್ಡಪ್ಪ ನಕ್ಕ. ಆದರೆ ನಗು ಸ್ವಲ್ಪ ತಡವಾಗಿ ಬಂತು.

"ಹುಚ್ಚಿ ಅದೀಯೇನಬೇ? ಹನ್ನೆರಡು ಬಿಟ್ಟು ಏಳು ಕೇಳ್ತಿ? ಸಾಲಿಗೆ ಮೊದಲು ಬಂದಾಕಿ ಲೆಕ್ಕ ಇದಾ ಏನು?"

"ಹೌದ್ರಿ, ಹುಚ್ಚಿನಾ ಅದೀನಿ. ಕೊಡ್ರಿ."

ನಿಂತವರು ನಕ್ಕರು. ಆಗ ಬಸವರಾಜ, ದೇವರು ಅವನನ್ನು ಚೆನ್ನಾಗಿಟ್ಟಿರಲಿ, ತನ್ನ ಜೀವಮಾನದ ಏಕೈಕ ಉಪಯೋಗದ ಮಾತನ್ನು ಆಡಿದ:

"ಕೊಡಪಾ ಯಪ್ಪಾ! ಹನ್ನೆರಡು ನಮಗ ಬಂದ್ರ ಗೆದ್ದಂಗ ಅಲ್ಲೇನು? ತಾನಾ ಕೇಳಾಕತ್ತಾಳ, ಕೊಡು!"

"ನೀ ಬಾಯಿ ಮುಚ್ಚಲೇ, ಮಂಗ್ಯಾನ ಮಗನ!"

ನಿಂತವರ ನಗು ನಿಂತಿತು. ಮಗನನ್ನು ಎಲ್ಲರೆದುರು ಮಂಗನ ಮಗನೆಂದವನು ತನ್ನನ್ನು ಏನೆಂದುಕೊಂಡ ಎಂದು ಕೂಡ ಅವನಿಗೆ ಹೊಳೆಯಲಿಲ್ಲ. ಅಜ್ಜಿ ಮಂದ ಕಣ್ಣನ್ನು ಅವನ ದನಿ ಬಂದ ಕಡೆ ತಿರುಗಿಸಿದಳು.

"ಅವನ್ನ ಯಾಕ ಬೈತಿ? ಹುಡುಗ ಖರೇನ ಹೇಳ್ಯಾನ. ಹನ್ನೆರಡು ತಗೊಳ್ಳಾಕ ನಿನಗೇನ್ ಧಾಡಿ?"

"ಪದ್ಧತಿ ಅಂತ ಒಂದು ಇರತೈತಿ ಯವ್ವಾ. ಹಂಗ ಮುರದ್ರ ಮನಿಗೆ ಪಾಡಲ್ಲ."

"ಪದ್ಧತಿ ನೀನಾ ಹಟ್ಟಿಯಿಂದ ಟ್ರಂಕಿನ್ಯಾಗ ಹೊತಗೊಂಡು ಬಂದಿದ್ದು. ನನ್ನ ಅತ್ತಿ ಕಾಲದಾಗ ಇದ್ದಿದ್ದಿಲ್ಲ. ದೇವರು ನಿನ್ನ ಕಡಿ ಅದಾನ ಅಂತಿದ್ದೆಲ್ಲ, ಹನ್ನೆರಡರಾಗ ಅವಗ ದಾರಿ ಸಿಗಂಗಿಲ್ಲೇನು?"

ದೊಡ್ಡಪ್ಪ ಚೆಂಬಿಗೆ ಕೈ ಹಾಕಿದ, ಕಿತ್ತುಕೊಳ್ಳುವವನ ಹಾಗೆ. ಅಜ್ಜಿ ಬಿಡಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಬಂದಳು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಮಾತಿಲ್ಲದೆ, ಎರಡೂ ಬುಟ್ಟಿಗಳನ್ನು ಅಜ್ಜಿಯ ಮುಂದೆ ಇಟ್ಟು ಹಿಂದೆ ಸರಿದಳು. ನಾನು ಅವ್ವನಿಗೆ ಹೇಳಿದ ಹಾಗೆಯೇ ಅಜ್ಜಿಗೆ ಹೇಳಿದೆ. ಅಜ್ಜಿ ಒಂದೊಂದು ಕೈಗೆ ಒಂದೊಂದು ಬುಟ್ಟಿ ಎತ್ತಿದಳು, ಜೋಳದ ಡಬ್ಬಿ ಎತ್ತಿ ನೋಡುವ ಹಾಗೆ. ಇಡೀ ಓಣಿಯ ಜೋಳವನ್ನು ಅಂದಾಜು ಮಾಡಿದ ಕೈಗಳು ಅವು. ಬಲಗೈ ಸ್ವಲ್ಪ ಇಳಿಯಿತು.

"ಇದು ಭಾರ ಐತಿ. ಇದು ಯಾರ್ದು?"

"ದೊಡ್ಡಪ್ಪಂದು. ಏಳು ಸಾಲಿಂದು."

ಅಜ್ಜಿ ಬುಟ್ಟಿಗಳನ್ನು ಕೆಳಗಿಟ್ಟಳು. ಅವಳಿಗೆ ಐವತ್ತೆಂಟು ನಲವತ್ತೆರಡು ತಿಳಿದಿರಬಹುದು, ಇಲ್ಲದಿರಬಹುದು. ಆದರೆ ಹನ್ನೆರಡನ್ನು ಬೇಡವೆಂದು ಏಳನ್ನು ಅವಚಿಕೊಂಡು ಕುಳಿತ ಮಗನನ್ನು ತಿಳಿಯಲು ಲೆಕ್ಕ ಬೇಕಿರಲಿಲ್ಲ.

"ಇಬ್ಬರೂ ಓದಾಕ ಹೋಗ್ಲಿ. ಗಿರಣಿಗೆ ನೀ ಕುಂದ್ರು."

"ನನ್ನ ಬೆನ್ನು..."

"ಬೆನ್ನಿಲೆ ಯಾರೂ ಹಿಟ್ಟು ತುಂಬಂಗಿಲ್ಲೋ ಯಪ್ಪಾ. ಕೈಲೆ ತುಂಬತಾರ."

ನಿಂತವರು ಮತ್ತೆ ನಕ್ಕರು, ಈ ಸಲ ಇನ್ನೊಂದು ಕಡೆಗೆ. ಆ ಜನ ಹಾಗೆಯೇ. ಅಪ್ಪ ಎದ್ದು ಹೋಗಿ ಪಟ್ಟಾ ಹಾಕಿ ಗಿರಣಿ ಶುರು ಮಾಡಿದ. ಮಗಳಿಗಾಗಿ ಅವನು ಮಾಡಿದ ಸದ್ದು ಅದೊಂದೇ. ಅದನ್ನು ಪ್ರೀತಿಯೆಂದು ಹೇಳುವವರಿದ್ದಾರೆ. ನಾನು ಇನ್ನೂ ಒಪ್ಪಿಲ್ಲ.

ದೊಡ್ಡಪ್ಪನಿಗೆ ಗೊತ್ತಿತ್ತೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಎಣಿಸಿ ತಿಳಿದಿರಲಿಲ್ಲ, ಅಷ್ಟು ಕಷ್ಟಪಡುವ ಮನುಷ್ಯನಲ್ಲ ಅವನು. ಹಟ್ಟಿಯಲ್ಲಿ ಪಾಳಿಗೆ ಇಳಿಯುವ ಮುಂಚೆ ಚಹಾ ಯಾರು ಕುಡಿಸಬೇಕೆಂದು ಇದೇ ಬಿಲ್ಲೆಗಳಲ್ಲಿ ಆಡುತ್ತಿದ್ದರಂತೆ. ಸೋತು ಸೋತು, ನಡುವಿನ ಅಂಕಿಗಳು ಹೆಚ್ಚು ಬರುತ್ತವೆಂದು ಯಾರೋ ಕಂಡುಕೊಂಡರು, ಇವನು ಅವರಿಂದ ಕದ್ದ. ಜೊತೆಗಾರರೊಂದಿಗೆ ಚಹಾಕ್ಕೆ ಆಡಿದ್ದನ್ನು ತಮ್ಮನ ಮನೆಯೊಂದಿಗೆ ದೇವರ ಹೆಸರಿನಲ್ಲಿ ಆಡಿದ. ನಾನು ಡಿಗ್ರಿ ಮುಗಿಸಿದಾಗ ಗಿರಣಿಗೆ ಬಂದವರಿಗೆಲ್ಲ ಹೇಳುತ್ತಿದ್ದನಂತೆ: ಅಕಿಗೆ ಲೆಕ್ಕ ಕಲಿಸಿದ್ದಾ ನನ್ನ ಬಿಲ್ಲೆಗಳು ನೋಡ್ರಿ. ಅಷ್ಟರಲ್ಲಿ ಬಿಲ್ಲೆಗಳಿಗೆ ಅಜ್ಜಿ ತೂತು ಹಾಕಿಸಿ, ದಾರಕ್ಕೆ ಪೋಣಿಸಿ, ಎಮ್ಮೆಯ ಕರುವಿನ ಕೊರಳಿಗೆ ಕಟ್ಟಿ ಎಷ್ಟೋ ಕಾಲವಾಗಿತ್ತು. ಕರು ಓಡಿದರೆ ಹತ್ತೂ ಅಂಕಿ ಗಲಗಲ ಅನ್ನುತ್ತಿದ್ದವು. ಆ ಕರುವಿಗಾದರೂ ಅವು ಏನೂ ಸುಳ್ಳು ಹೇಳಲಿಲ್ಲ.

ನಾನು ಕಾಲೇಜು ಸೇರಿದ ವರ್ಷದ ಪಂಚಮಿ ಬಂತು. ಅವ್ವನನ್ನು ಕರೆಯಲು ಮಾವನ ಬದಲು ಗೊರೇಬಾಳದಿಂದ ನಾನೇ ಬಂದೆ. ದೊಡ್ಡವ್ವ ಆಗಲೇ ಲಿಂಗಸುಗೂರಿಗೆ ಹೋಗಿದ್ದಳು. ಅವ್ವ ಯಾರನ್ನೂ ಕೇಳದೆ ಚೀಲ ತುಂಬಿದ್ದಳು. ಚೀಲದಲ್ಲಿ ಎರಡೂ ಬುಟ್ಟಿಯ ಸಂಡಿಗೆಗಳು ಒಂದಾಗಿ, ಕರಿದು, ಡಬ್ಬಿಯಲ್ಲಿದ್ದವು. ನಾವು ಪಡಸಾಲೆಗೆ ಬಂದಾಗ ದೊಡ್ಡಪ್ಪ ಗಿರಣಿಯ ಮುಂದೆ ಕುಳಿತಿದ್ದ. ಹುಬ್ಬಿನವರೆಗೆ ಹಿಟ್ಟು, ಮೀಸೆಯಲ್ಲಿ ಹಿಟ್ಟು. ಅವ್ವ ಆ ಮನೆಗೆ ಬಂದಾಗಿನಿಂದ ಭಾವನ ಮುಖ ನೋಡಿ ಒಂದು ಮಾತೂ ಆಡಿದವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಗೋಡೆಗೆ ಹೇಳಿದ ಹಾಗೆ. ಅವನೂ ಹಾಗೆಯೇ ನನ್ನ ಮುಖ ನೋಡಿ ಕೇಳಿದ:

"ಎಷ್ಟು ದಿನಕ್ಕ ಬರತಾಳಂತ ಕೇಳು ನಿಮ್ಮವ್ವನ್ನ."

ಅವ್ವ ಚೀಲ ಕೆಳಗಿಟ್ಟಳು. ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿ ಅವನ ಕಡೆ ತಿರುಗಿದಳು.

"ಎಣಿಸ್ಕೋತ ಕುಂದರ್ರಿ, ಭಾವಾರ."

ಹೊರಗೆ ಸಿಂಧನೂರಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾವು ಓಡಲಿಲ್ಲ, ನಡೆದೇ ಹೋದೆವು.